ಕೂಳೂರಿಗೆ ಒಂದು ಟಚ್ ಟೇಬಲ್

ಮೈಸೂರಿನಿಂದ ನಸುಕಿನಲ್ಲೇ ಹೊರಟ ನಮ್ಮ ವ್ಯಾನು ಮಡಿಕೇರಿಯಲ್ಲಿ ಚಹಾಕ್ಕೆ ನಿಂತು, ಸಂಪಾಜೆ ಘಾಟಿ ಇಳಿದು, ಮಧ್ಯಾಹ್ನ ಕಳೆದ ಮೇಲೆ ಮಂಗಳೂರು ಸೇರಿತು. ಹಿಂದೆ ಕಂಬಳಿ ಹೊದ್ದ ಟಚ್ ಟೇಬಲ್ ಇತ್ತು. ಊಟದ ಮೇಜಿನಷ್ಟು ದೊಡ್ಡದು, ಮೇಲೆಲ್ಲ ಪರದೆ. ಮನೆಯ ನಕ್ಷೆಯ ಮೇಲೆ ಬೆರಳಿಟ್ಟರೆ ಯಾವ ಕೋಣೆಗೆ ಯಾವ ಟೈಲ್ಸ್ ಹೇಗೆ ಕಾಣುತ್ತದೆಂದು ತೋರಿಸುತ್ತದೆ. ಕೂಳೂರು ಸೇತುವೆ ಹತ್ತಿರದ ಟೈಲ್ಸ್ ಶೋರೂಮಿನಲ್ಲಿ ಅದನ್ನು ಕೂರಿಸುವುದು ನನ್ನ ಕೆಲಸ. ಕರಾವಳಿಯಲ್ಲಿ ನಮ್ಮ ಕಂಪನಿಯ ಮೊದಲ ಟೇಬಲ್ ಅದು. ಮರುದಿನ ಸಂಜೆಯೊಳಗೆ ಗಿರಾಕಿಗಳು ಮುಟ್ಟದಿದ್ದರೆ ಅದೇ ವ್ಯಾನಿನಲ್ಲಿ ವಾಪಸ್ ಎಂದು ಮಾತಾಗಿತ್ತು.

ಅಂಗಡಿಯ ಒಡತಿ ವಾರಿಜಕ್ಕ. ನಾನು ಟೇಬಲನ್ನು ಬಾಗಿಲಿನ ಎದುರಿಗೇ ಇಡಿಸಿದೆ. "ಇಲ್ಲಿ ಅಡ್ಡ ಆಗುದಿಲ್ವಾ ಮೇಡಂ?" ಎಂದರು. ಬಂದವರ ಕಣ್ಣಿಗೆ ಮೊದಲು ಇದೇ ಬೀಳಬೇಕೆಂದು ಉದ್ದದ ಪಾಠ ಹೇಳಿದೆ. ಪಾಪ, ಪೂರ್ತಿ ಕೇಳಿಸಿಕೊಂಡರು.

ಮರುದಿನ ಉರ್ವದ ಲಾಡ್ಜಿನ ಪಕ್ಕ ಬನ್ಸ್ ತಿಂದು ಸಿಟಿ ಬಸ್ಸು ಹತ್ತಿದೆ. ಬೆಳಿಗ್ಗೆಯೇ ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು.

ಆ ಅಂಗಡಿಗೆ ಯಾರೇ ಬರಲಿ, ವಾರಿಜಕ್ಕ "ಬಲೆ, ಕುಲ್ಲುಲೆ" ಎಂದು ತುಳುವಿನಲ್ಲಿ ಕರೆದು, ಹಿಂದಿನ ಸೋಫಾದಲ್ಲಿ ಕೂರಿಸಿ, ಬೆಲ್ಲ-ನೀರು ಕೊಡುತ್ತಿದ್ದರು. ಗಲ್ಫಿನ ಮಗನ ಸುದ್ದಿ, ಮೇಸ್ತ್ರಿಯ ಮೇಲಿನ ದೂರು ಎಲ್ಲ ಮುಗಿಯುವಷ್ಟರಲ್ಲಿ ಸ್ಯಾಂಪಲ್ಲುಗಳು ಅಲ್ಲಿಗೇ ಬಂದು ಆಯ್ಕೆಯೂ ಮುಗಿದಿರುತ್ತಿತ್ತು. ನನ್ನ ಟೇಬಲನ್ನು ಮುಟ್ಟದೆ ಎಲ್ಲರೂ ಸುತ್ತು ಹಾಕಿಕೊಂಡು ಹೋದರು. ಒಬ್ಬರು ಹೆಲ್ಮೆಟ್ ಇಟ್ಟರು. ಪರದೆಯಲ್ಲಿ ಚಾವಡಿಯ ನೆಲ ಹಸಿರಾಯಿತು. ಗಾಬರಿಯಿಂದ ಹೆಲ್ಮೆಟ್ ಎತ್ತಿಕೊಂಡು ಟೇಬಲಿಗೇ "ಸಾರಿ" ಎಂದರು. ನನಗೆ ಅಳು ಬರುವುದೊಂದು ಬಾಕಿ.

ಮಧ್ಯಾಹ್ನ ಮೀನು ವ್ಯಾಪಾರದ ಜಲಜಕ್ಕ ಸೊಸೆಯೊಂದಿಗೆ ಬಂದರು. ಕುದ್ರೋಳಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರಂತೆ. ಅವರೂ ನೇರ ಸೋಫಾಕ್ಕೇ. ನನಗೆ ರೇಗಿತು. ಡ್ರೈವರನ್ನು ಕರೆದು, ಸೋಫಾದ ಮುಂದಿನ ಟೀಪಾಯಿ ಎತ್ತಿಸಿ, ಅಲ್ಲಿಗೇ ಟೇಬಲ್ ಎಳೆಸಿದೆ. ಹಟಕ್ಕೆ ಬಿದ್ದು ಮಾಡಿದ ಕೆಲಸ, ಬುದ್ಧಿಯಿಂದಲ್ಲ. ವಾರಿಜಕ್ಕ ಅಭ್ಯಾಸಬಲದಿಂದ ನೀರಿನ ಲೋಟಗಳನ್ನು ಅದರ ಮೇಲೆಯೇ ಇಟ್ಟರು. ಅಡುಗೆಮನೆ ಕಪ್ಪಾಯಿತು, ಮಲಗುವ ಕೋಣೆ ಕೆಂಪಾಯಿತು. ಲೋಟ ತೆಗೆಯಲು ಕೈ ಚಾಚಿದೆ.

ಜಲಜಕ್ಕ ಲೋಟ ಎತ್ತಿ ಇನ್ನೊಂದು ಕೋಣೆಯ ಮೇಲಿಟ್ಟರು. ಅದೂ ಬದಲಾಯಿತು.

"ಇದೆಂತ ಮಾರಾಯ್ತಿ, ಲೋಟ ಇಟ್ಟಲ್ಲಿ ನೆಲ ಬದಲಾಗ್ತದೆ" ಎಂದು ಸೊಸೆಯತ್ತ ನಕ್ಕರು.

"ಬೆರಳು ಸಾಕು ಅತ್ತೆ" ಎಂದಳು ಸೊಸೆ.

ಸೆರಗಿನಿಂದ ಪರದೆ ಒರೆಸಿ ಜಲಜಕ್ಕ ಬೆರಳಿಟ್ಟರು. "ಮೀನು ತೊಳೆಯುವಲ್ಲಿ ಜಾರದ್ದು ಬೇಕು. ಅದು ಉಂಟಾ ಇದರಲ್ಲಿ?"

ಇತ್ತು. ಅಲ್ಲಿಂದ ಅತ್ತೆ ಸೊಸೆ ನನ್ನನ್ನು ಮರೆತರು. ಆ ಹೆಂಗಸನ್ನು ಅಪ್ಪಿಕೊಳ್ಳಬೇಕೆನಿಸಿತು ನನಗೆ. ಅವರ ಹಿಂದೆಯೇ ಬಂದ ಇನ್ನೊಂದು ಕುಟುಂಬ ಬೆನ್ನ ಮೇಲಿಂದ ಬಗ್ಗಿ ನೋಡುತ್ತ ಸಲಹೆ ಕೊಡತೊಡಗಿತು.

ಸಂಜೆ ಅಳುಕುತ್ತಲೇ ಕೇಳಿದೆ, "ಟೇಬಲ್ ವ್ಯಾನಿಗೆ ಹೇರಿಸಲಾ?"

"ಹೇರುದು ಎಂತಕ್ಕೆ? ಮೊದಲು ನನ್ನ ಟೀಪಾಯಿ ಎಲ್ಲಿಟ್ರಿ ಹೇಳಿ" ಎಂದರು ವಾರಿಜಕ್ಕ.

ವ್ಯಾನು ಹೊರಟಾಗ ಗಾಜಿನೊಳಗೆ ನೋಡಿದೆ. ಟೇಬಲಿನ ಸುತ್ತ ತಲೆಗಳೆಲ್ಲ ಬಗ್ಗಿದ್ದವು. ವಾರಿಜಕ್ಕ ಬೆಲ್ಲ-ನೀರಿನ ತಟ್ಟೆ ಹಿಡಿದು ನಿಂತೇ ಇದ್ದರು, ತೆಗೆದುಕೊಳ್ಳಲು ಯಾರೂ ತಲೆ ಎತ್ತಿರಲಿಲ್ಲ.