ಹೊಟ್ಟು ತುಂಬಿದ ಮರಿ

ನಗುವುದಿದ್ದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ. ಆದರೆ ‘ಕನಸು ಕಂಡಿರಬೇಕು ಬಿಡಿ’ ಎಂದು ಮಾತ್ರ ನನ್ನೆದುರು ಹೇಳಬೇಡಿ. ಆ ರಾತ್ರಿ ನಾನು ಎದ್ದು ಕೂತಿದ್ದೆ, ನನ್ನ ಪಕ್ಕದಲ್ಲಿ ನಮ್ಮ ಮನೆಯವರೂ ಎದ್ದು ಕೂತಿದ್ದರು. ಒಂದೇ ಕನಸು ಒಂದೇ ಹೊತ್ತಿಗೆ ಇಬ್ಬರಿಗೂ ಬೀಳುತ್ತದೆಯೇ, ನೀವೇ ಹೇಳಿ.

ಆಗ ನಾವು ಪುಣೆಯ ಹೊರಗೆ, ಭೋಸರಿಯಲ್ಲಿದ್ದೆವು. ಈಗಿನ ಭೋಸರಿಯಲ್ಲ. ಬ್ರಿಟಿಷರ ಕಾಲ ಅದು. ನಾಸಿಕದ ರಸ್ತೆ, ಎರಡೂ ಕಡೆ ಜೋಳದ ಹೊಲ, ನಡುವೆ ನಮ್ಮದೊಂದು ಮನೆ. ಮನೆಗೆ ಅಂಟಿಕೊಂಡೇ ಕುದುರೆ ಲಾಯ. ಜುನ್ನರದ ಕಡೆಗೆ ಹೋಗುವ ಸವಾರರು ಸಂಜೆ ನಮ್ಮಲ್ಲಿ ಇಳಿದು, ರಾತ್ರಿ ಮಲಗಿ, ಬೆಳಿಗ್ಗೆ ಬಿಸಿ ರೊಟ್ಟಿ, ಝುಣಕ ತಿಂದು ಹೊರಡುತ್ತಿದ್ದರು.

ನಾವು ವಿಜಾಪುರದ ಕಡೆಯವರು. ನಮ್ಮ ಮನೆಯವರು ಮೊದಲು ಪುಣೆಯ ದಂಡಿನ ಕ್ಯಾಂಪಿನಲ್ಲಿ ಗೋರಾ ಸಾಹೇಬರ ಕುದುರೆ ನೋಡಿಕೊಳ್ಳುತ್ತಿದ್ದರು. ಅದನ್ನು ಬಿಟ್ಟ ಮೇಲೆ ಈ ವ್ಯವಹಾರ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮೊದಲು ಕುದುರೆ, ಆಮೇಲೆ ಸವಾರ. ಕುದುರೆಯ ಬೆವರು ಆರುವ ತನಕ ಅಂಗಳದಲ್ಲಿ ನಡೆದಾಡಿಸಬೇಕು, ಆಮೇಲೆ ನೀರು, ಆಮೇಲೆ ಮೇವು. ಅದೆಲ್ಲ ಮುಗಿಯುವ ತನಕ ಎಂಥಾ ಇನಾಮದಾರನೇ ಬರಲಿ, ನಾನು ತಾಟು ಹಾಕುತ್ತಿರಲಿಲ್ಲ. ಎಷ್ಟೋ ಜನ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಹಾಕಿಕೊಳ್ಳಲಿ.

ಚಳಿಗಾಲದ ಒಂದು ಸಂಜೆ ಮಲ್ಲೇಶಿ ಬಂದ. ಕುದುರೆ ವ್ಯಾಪಾರಿ. ನನ್ನ ಮರಾಠಿ ಕೇಳಿ ನಕ್ಕು, “ಅಕ್ಕಾರ, ನೀವು ನಮ್ಮ ಕಡಿಯವರ ಅದೀರಿ” ಎಂದು ಕನ್ನಡಕ್ಕೆ ಇಳಿದ. ಅಥಣಿಯ ಕಡೆಯವನಂತೆ. ನೋಡಲು ಚೆಂದ, ಮಾತು ಬೆಣ್ಣೆ. ನಮ್ಮ ಭಾಷೆ ಕಿವಿಗೆ ಬಿದ್ದರೆ ಜೀವ ಕರಗುತ್ತಿದ್ದ ಕಾಲವದು. ಒಲೆಯ ಮೇಲೆ ಚಹಾ ಇಟ್ಟೇಬಿಟ್ಟೆ.

ಹೊರಗಿನಿಂದ ನಮ್ಮ ಮನೆಯವರ ದನಿ ಕೇಳಿತು. ಮೆಲ್ಲಗೆ ಕರೆದರು. ಹೋಗಿ ನೋಡಿದರೆ...

ಬಿಳಿ ಹೆಣ್ಣು ಕುದುರೆ. ಮೈಯೆಲ್ಲ ಬೆವರಿನ ನೊರೆ. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಹಾಲು ತಾನಾಗಿ ಸೋರಿ ಹಿಂಗಾಲಿನ ಉದ್ದಕ್ಕೂ ಹರಿದು, ಧೂಳಿನ ಜೊತೆ ಮೆತ್ತಿಕೊಂಡಿತ್ತು. ಮುಟ್ಟಹೋದರೆ ನೋವಿಗೆ ಒದೆಯುತ್ತಿತ್ತು. ಮೈ ಸುಡುತ್ತಿತ್ತು.

ಮರಿ ಎಲ್ಲಿ ಎಂದು ನಮ್ಮ ಮನೆಯವರು ಕೇಳಿದರು.

ಮಲ್ಲೇಶಿ ಜೀನಿನ ಮುಂಭಾಗಕ್ಕೆ ಕಟ್ಟಿದ್ದ ಒಂದು ಸುರುಳಿಯನ್ನು ತಟ್ಟಿ ತೋರಿಸಿದ. ಕಂಬಳಿ ಎಂದುಕೊಂಡಿದ್ದೆ. ಹತ್ತಿರ ಹೋದಾಗ ಹಸಿ ಚರ್ಮದ ನಾತ ಮೂಗಿಗೆ ಬಡಿಯಿತು. ಉಪ್ಪು ಸವರಿದ ಎಳೇ ಚರ್ಮ. ಒಂದು ಪುಟ್ಟ ಕಿವಿ ಹೊರಗೆ ಜೋತುಬಿದ್ದಿತ್ತು.

“ಅದರ ಕಾಲು ಸಣ್ಣವು, ನನ್ನ ದಾರಿ ದೊಡ್ಡದು” ಎಂದ. “ಖಡಕಿ ಊರು ದಾಟಿದ ಮ್ಯಾಲೆ ಹಳ್ಳದಾಗ ಮುಗಿಸಿಬಿಟ್ಟೆ. ಇಕಿ ಅಲ್ಲಿಂದ ಕಾಲ ತಗೀವಲ್ಲಳು. ಅದಕ್ಕ ಚರ್ಮಾ ಮುಂದ ಕಟ್ಟೀನಿ. ವಾಸನಿ ಹಿಡಕೊಂಡು ತಾನ ನಡೀತಾಳ ನೋಡ್ರಿ.”

ಚಹಾ ಬೇಡಿದಷ್ಟು ಸಲೀಸಾಗಿ ಹೇಳಿದ, ಪುಣ್ಯಾತ್ಮ.

ಜುನ್ನರದಲ್ಲಿ ಗಿರಾಕಿ ಕಾಯುತ್ತಿದ್ದಾನೆ, ನಾಳೆಯೇ ಮುಟ್ಟಿಸಬೇಕು ಎಂದ. ಎರಡು ದಿನ ಇಲ್ಲೇ ಬಿಡು, ಹಾಲು ಇಳಿಸದಿದ್ದರೆ ಕೆಚ್ಚಲು ಕೀವಾಗಿ ಕುದುರೆ ಸಾಯುತ್ತದೆ ಎಂದು ನಮ್ಮ ಮನೆಯವರು ಬೇಡಿಕೊಂಡರು. ಕೈ ಹಿಡಿದು ಬೇಡಿಕೊಂಡರು ಮಹಾರಾಯರು. ಮಾರಿದ ಮೇಲೆ ಸತ್ತರೆ ತನಗೇನು ಎಂದು ಅವನು ಉಂಡು, ತೇಗಿ, ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿಬಿಟ್ಟ.

ಕುದುರೆ ಕೂಗುತ್ತಿತ್ತು. ಕುದುರೆ ಕೆನೆಯುವುದನ್ನು ನೀವು ಕೇಳಿರುತ್ತೀರಿ. ಅದಲ್ಲ ಇದು. ಗಂಟಲೊಳಗೇ ಕರೆಯುವ ದನಿ... ಕರೆಯುವುದು, ಕಿವಿ ನಿಮಿರಿಸಿ ಕಾಯುವುದು, ಮತ್ತೆ ಕರೆಯುವುದು.

ನಮ್ಮಲ್ಲಿ ಎರಡು ಎಮ್ಮೆಗಳಿದ್ದವು. ಎಮ್ಮೆ ಸಾಕಿದವರಿಗೆ ಗೊತ್ತು, ಕರು ಸತ್ತರೆ ಎಮ್ಮೆ ಹಾಲು ಬಿಡುವುದಿಲ್ಲ. ಆಗ ಸತ್ತ ಕರುವಿನ ಚರ್ಮಕ್ಕೆ ಹೊಟ್ಟು ತುಂಬಿ, ಹೊಲಿದು, ಮುಂದೆ ನಿಲ್ಲಿಸುತ್ತೇವೆ. ಅದು ನೆಕ್ಕುತ್ತದೆ, ಹಾಲು ಬಿಡುತ್ತದೆ. ನಮ್ಮ ಊರಲ್ಲಿ ಮನೆ ಮನೆಗೂ ಮಾಡುತ್ತಿದ್ದರು. ಕುದುರೆಗೆ ಯಾರೂ ಮಾಡಿದ್ದನ್ನು ನಾನು ನೋಡಿರಲಿಲ್ಲ. ಆದರೂ ಹೇಳಿದೆ. ನಮ್ಮ ಮನೆಯವರು ಎದ್ದು ಹೋಗಿ, ಜೀನಿನಿಂದ ಚರ್ಮದ ಸುರುಳಿ ಬಿಚ್ಚಿಕೊಂಡು, ದಬ್ಬಣ ತಂದರು.

ಹೊಟ್ಟು ತುಂಬಿದವಳು ನಾನೇ, ಹೊಲಿದವರು ಅವರು. ಕಾಲುಗಳನ್ನು ಮೊಣಕಾಲಿಗೇ ಕೊಯ್ದಿದ್ದ ಆ ಪಾಪಿ. ಗೊರಸು ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಗೊರಸು ಇರಲಿಲ್ಲ. ಹೊಟ್ಟು ತುಂಬಿದ ಮರಿಯನ್ನು ಮೇವಿನ ಗೋದಲಿಗೆ ಒರಗಿಸಿ ನಿಲ್ಲಿಸಿದೆವು.

ಕುದುರೆ ಮೂಸಿತು. ನಡುಗಿತು. ಆಮೇಲೆ ನೆಕ್ಕಲು ಶುರು ಮಾಡಿತು... ತಲೆಯಿಂದ ಬೆನ್ನಿನ ತನಕ, ಬಿಡದೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಆದರೆ ಕೈ ಹತ್ತಿರ ತಂದರೆ ಒದೆಯುತ್ತಿತ್ತು. ಹಿಂಡಲು ಬಿಡಲೇ ಇಲ್ಲ. ನಮ್ಮ ಮನೆಯವರ ಮೊಣಕಾಲಿಗೆ ಒಂದು ಪೆಟ್ಟೂ ಬಿತ್ತು. ಕೊನೆಗೆ ಇಬ್ಬರೂ ಸೋತು, ಮರಿಯನ್ನು ಅಲ್ಲೇ ಬಿಟ್ಟು, ಕಂದೀಲು ಆರಿಸಿ ಒಳಗೆ ಬಂದೆವು. ಬೆಳಗಾಗುವುದರೊಳಗೆ ಇದು ಸಾಯುತ್ತದೆ ಎಂದರು ಅವರು. ಗೋಡೆಯ ಕಡೆ ತಿರುಗಿ ಮಲಗಿದರು.

ನನಗೆ ನಿದ್ದೆ ಬರಲಿಲ್ಲ. ನಮ್ಮ ಕೋಣೆಗೂ ಲಾಯಕ್ಕೂ ನಡುವೆ ಒಂದೇ ಗೋಡೆ.

ಎಷ್ಟು ಹೊತ್ತಾಗಿತ್ತೋ... ಕುದುರೆಯ ಕೂಗು ನಿಂತಿತು. ಸತ್ತಿತು ಎಂದುಕೊಂಡೆ.

ಆಮೇಲೆ ಆ ಸದ್ದು.

ಚಪ್... ಚಪ್... ಚಪ್...

ಮೊಲೆ ಉಣ್ಣುವ ಸದ್ದು. ನಡುವೆ ಗುಟುಕು ನುಂಗುವುದು ಕೇಳುತ್ತಿತ್ತು. ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿತ್ತು, ಮತ್ತೆ ಶುರು. ಹಸಿ ಹಾಲಿನ ವಾಸನೆ ಗೋಡೆ ದಾಟಿ ಬಂತು.

ನಮ್ಮ ಮನೆಯವರು ಆಗಲೇ ಎದ್ದು ಕೂತಿದ್ದರು.

“ಬೆಕ್ಕು ಇರಬೇಕು” ಎಂದರು ಪಿಸುದನಿಯಲ್ಲಿ.

“ಬೆಕ್ಕು ಹಿಂಗ ಗುಟುಕರಿಸ್ತದೇನ್ರಿ?”

ಅವರು ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು.

ಬಹಳ ಹೊತ್ತಿನ ಮೇಲೆ ಉಣ್ಣುವುದು ನಿಂತಿತು. ಆಮೇಲೆ ನೆಲಕ್ಕೆ ಹಾಸಿದ ಫರಸಿಕಲ್ಲಿನ ಮೇಲೆ ಟಕ್... ಟಕ್... ಸಣ್ಣ ಗೊರಸಿನ ಸದ್ದು. ಇನ್ನೂ ನಡೆಯಲು ಸರಿಯಾಗಿ ಬಾರದ ಹೆಜ್ಜೆ. ಲಾಯದಿಂದ ಹೊರಗೆ ಬಂತು. ಅಂಗಳ ದಾಟಿತು. ಪಡಸಾಲೆ ಹತ್ತಿತು. ಮಲ್ಲೇಶಿಯ ಹೊರಸಿನ ಸುತ್ತ ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು... ಅವನು ನಿದ್ದೆಗಣ್ಣಲ್ಲಿ “ಹಚ್, ಹೋಗು” ಎಂದು ಗದರಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

ಬಾಗಿಲು ತೆಗೆಯುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಹೇಡಿಗಳು ಅನ್ನಿ ಬೇಕಾದರೆ. ನೀವಿದ್ದಿದ್ದರೆ ಗೊತ್ತಾಗುತ್ತಿತ್ತು.

ಬೆಳಕು ಹರಿದ ಮೇಲೆ ಹೋದೆವು. ಕುದುರೆ ಬದುಕಿತ್ತು. ಜ್ವರ ಇಳಿದು, ಕಣ್ಣು ಅರೆಮುಚ್ಚಿ ನೆಮ್ಮದಿಯಾಗಿ ನಿಂತಿತ್ತು. ಕೆಚ್ಚಲು ಖಾಲಿ. ಖಾಲಿ ಚೀಲ ಜೋತಂತೆ ಮೆತ್ತಗಿತ್ತು. ಈ ಸಲ ನಮ್ಮ ಮನೆಯವರು ಮುಟ್ಟಿದರೂ ಒದೆಯಲಿಲ್ಲ. ಮರಿ ನಾವು ಒರಗಿಸಿದಲ್ಲೇ ಒರಗಿತ್ತು.

ಚರ್ಮ ಕದ್ದಿದ್ದಕ್ಕೆ ಮಲ್ಲೇಶಿ ಎಗರಾಡಿದ. ಬಾಯಿಗೆ ಬಂದದ್ದು ಬೈದು, ಚಾಕು ತೆಗೆದು ಹೊಲಿಗೆ ಕೊಯ್ದ.

ಹಾಲು ಸುರಿಯಿತು.

ಹೊಟ್ಟೆಲ್ಲ ಹಾಲಿನಲ್ಲಿ ತೊಯ್ದು ಗಂಜಿಯಾಗಿತ್ತು. ಫರಸಿಯ ಮೇಲೆ ಬಿದ್ದ ಹಾಲಿನಿಂದ ಆ ಚಳಿಯಲ್ಲಿ ಹಬೆ ಏಳುತ್ತಿತ್ತು. ಬಿಸಿ ಇತ್ತು, ದೇವರಾಣೆಗೂ ಬಿಸಿ ಇತ್ತು. ನಾನೇ ಕೈ ಇಟ್ಟು ನೋಡಿದೆ. ಒಣ ಹೊಟ್ಟು ತುಂಬಿದವಳಿಗೆ ಗೊತ್ತಿಲ್ಲವೇ?

ಮಲ್ಲೇಶಿಯ ಮುಖ ಬಿಳುಚಿಕೊಂಡಿತು. ಹಿಂದಕ್ಕೆ ಸರಿದು ಗೋಡೆಗೆ ಆತುಕೊಂಡ. ಈಗಲಾದರೂ ಹೆದರಿದ, ಕುದುರೆಯನ್ನು ಬಿಟ್ಟು ಓಡುತ್ತಾನೆ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಎಲ್ಲಿಯ ಮಾತು. ಒಂದು ಚಹಾ ಕುಡಿಯುವ ಹೊತ್ತಿಗೆ ಅವನ ಮುಖಕ್ಕೆ ಬಣ್ಣ ಮರಳಿತು. ಕುದುರೆ ಆ ಚರ್ಮವನ್ನು ಹೇಗೆ ನೋಡುತ್ತಿದೆ ಎಂದು ತಾನೂ ನೋಡಿದ. ತಲೆ ಓಡಿತು ಅವನದು.

“ತಿರಗಿ ಹೊಲದು ಕೊಡ್ರಿ” ಎಂದ. “ಹಿಂಗಿದ್ರ ಇನ್ನೂ ಚಲೋ ನಡೀತಾಳ.”

ನಾನು ಸುಮ್ಮನೆ ಬಿಡಲಿಲ್ಲ, ಏಳು ಜನ್ಮಕ್ಕೆ ಸಾಕಾಗುವಷ್ಟು ಬೈದೆ. ಅವನು ಹಲ್ಲು ಕಿಸಿಯುತ್ತ ನಿಂತಿದ್ದ. ಕೊನೆಗೆ ದಬ್ಬಣ ತಾನೇ ಕೈಗೆ ತೆಗೆದುಕೊಂಡು, ನಮ್ಮ ಗೂಡೆಯಿಂದ ಹೊಸ ಹೊಟ್ಟು ತುಂಬಿ, ಅಡ್ಡಾದಿಡ್ಡಿ ಹೊಲಿದ. ಮರಿಯನ್ನು ಜೀನಿನ ಮುಂದೆ ಕಟ್ಟಿಕೊಂಡು ಹೊರಟ. ಆ ಕುದುರೆ ಹೋಯಿತು ನೋಡಿ... ಕಡಿವಾಣ ಎಳೆಯಬೇಕಾಗಲಿಲ್ಲ, ಚಾಟಿ ಬೀಸಬೇಕಾಗಲಿಲ್ಲ. ಕತ್ತು ಚಾಚಿಕೊಂಡು, ಓಡಿಕೊಂಡೇ ಹೋಯಿತು.

ಆ ಸಂಜೆಯೇ ಲಾಯವನ್ನು ಗೋಮೂತ್ರ ಹಾಕಿ ತೊಳೆದೆ. ಭಟ್ಟರನ್ನು ಕರೆಸಿ ಶಾಂತಿ ಮಾಡಿಸಿದೆವು. ಆಮೇಲೆ ಯಾವ ಸದ್ದೂ ಇಲ್ಲ, ಏನೂ ಇಲ್ಲ. ಇಷ್ಟೇ ಆಗಿದ್ದರೆ ನಾನೂ ಮರೆತು ಬಿಡುತ್ತಿದ್ದೆನೇನೋ.

ಮಳೆಗಾಲಕ್ಕೆ ಮುಂಚೆ ಮಲ್ಲೇಶಿ ಮತ್ತೆ ಬಂದ.

ಈ ಸಲ ಕಂದು ಬಣ್ಣದ ಹೆಣ್ಣು ಕುದುರೆ. ಸಣ್ಣ ವಯಸ್ಸು, ಚೊಚ್ಚಲು ಬಾಣಂತಿ. ಜೀನಿನ ಮುಂದೆ ಅದರದೇ ಮರಿ... ಚರ್ಮ ಸುಲಿದು, ಹೊಟ್ಟು ತುಂಬಿ, ಒತ್ತೊತ್ತಾಗಿ ಹೊಲಿದು ಸಿದ್ಧವಾಗಿತ್ತು. ಕೈ ಪಳಗಿತ್ತು ಅವನಿಗೆ. ಕಣ್ಣಿನ ಜಾಗದಲ್ಲಿ ಎರಡು ಕರಿ ಗುಂಡಿ ಹೊಲಿದಿದ್ದ.

“ನಿಮ್ಮ ಕಡಿಂದನ ಕಲ್ತದ್ದು, ಅಕ್ಕಾರ” ಎಂದ. “ಭಾಳ ಉಪಯೋಗ ಆತು. ಈಗ ಎಲ್ಲಾ ಬಾಣಂತಿ ಕುದುರಿಗೂ ಹಿಂಗ ಮಾಡ್ತೀನಿ.”

ಬಾಗಿಲು ಹಾಕಿಬಿಡುತ್ತಿದ್ದೆ. ಆದರೆ ಆ ಕುದುರೆಯ ಕಾಲು ನಿಲ್ಲುತ್ತಿರಲಿಲ್ಲ. ಹಿಂಗಾಲಿನ ನಡುವೆ ಕೆಚ್ಚಲು ಕೆಂಪಗೆ ಉಬ್ಬಿತ್ತು. ಅವನನ್ನು ಓಡಿಸಿದರೆ ಅದನ್ನೂ ಓಡಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾನೆ, ದಾರಿಯಲ್ಲೇ ಬೀಳುತ್ತದೆ. ಕುದುರೆಗಾಗಿ ಅವನನ್ನು ಒಳಗೆ ಬಿಟ್ಟುಕೊಂಡೆವು.

ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡಲು ಹೋದರೆ ಒದ್ದಿತು. ಹಿಂಡಲು ಹೋದರೆ ಕಚ್ಚಿತು. ಎಲ್ಲ ಹಿಂದಿನಂತೆಯೇ. ನಾನು ಮರಿಯನ್ನು ಅದೇ ಗೋದಲಿಗೆ ಒರಗಿಸಿ ನಿಲ್ಲಿಸಿದೆ. ಕುದುರೆ ಮೂಸಿ, ನೆಕ್ಕಿ, ಮೆಲ್ಲಗೆ ಕರೆಯತೊಡಗಿತು. ಕಂದೀಲು ಆರಿಸಿ ಬಂದೆವು.

ಅವತ್ತು ನಾನು ಮಲಗಲಿಲ್ಲ. ಗೋಡೆಗೆ ಕಿವಿ ಇಟ್ಟು ಕೂತೆ. ಹಿಂದಿನ ಸಲ ಯಾವ ಸದ್ದಿಗೆ ನನ್ನ ರಕ್ತ ಹೆಪ್ಪುಗಟ್ಟಿತ್ತೋ, ಈ ಸಲ ಅದೇ ಸದ್ದು ಬರಲಿ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಬಾ ನನ್ನಪ್ಪಾ, ಎಂಥದಾದರೂ ಆಗಿರು, ಬಂದು ಉಣ್ಣು, ನಿನ್ನ ತಾಯಿ ಸಾಯುತ್ತಿದ್ದಾಳೆ...

“ಬಂತೇನು?” ಎಂದು ಕತ್ತಲಲ್ಲಿ ನಮ್ಮ ಮನೆಯವರು ಕೇಳಿದರು. ಅವರೂ ಕಾಯುತ್ತಿದ್ದರು.

“ಇಲ್ರಿ.”

ಕುದುರೆ ಕರೆಯುತ್ತಲೇ ಇತ್ತು. ಕರೆಯುವುದು, ಕಾಯುವುದು. ದನಿ ಒಡೆಯಿತು. ಆಮೇಲೆ ನರಳಾಟ. ಆಮೇಲೆ ಏನೋ ದೊಡ್ಡದು ನೆಲಕ್ಕೆ ಬಿದ್ದ ಸದ್ದು, ಕಾಲು ಬಡಿದುಕೊಂಡ ಸದ್ದು. ಓಡಿ ಹೋಗಿ ಕಂದೀಲು ಹಚ್ಚುವಷ್ಟರಲ್ಲಿ ಕಣ್ಣು ತೇಲಿಸಿತ್ತು. ಮೂತಿ ಮರಿಯ ಹೊಟ್ಟೆಯ ಮೇಲಿತ್ತು. ನಾನು ಮರಿಯನ್ನು ಎತ್ತಿ ಅಲುಗಾಡಿಸಿದೆ. ಒಳಗೆ ಒಣ ಹೊಟ್ಟು ಸರ್‍ರೆಂದಿತು.

ಬೆಳಿಗ್ಗೆ ಮಲ್ಲೇಶಿ ನಮ್ಮ ಲಾಯದ ನೀರು ಕೆಟ್ಟದ್ದೆಂದು ಜಗಳ ತೆಗೆದ. ಆಮೇಲೆ ಮರಿಯ ಎರಡೂ ಗುಂಡಿ ಬಿಚ್ಚಿ, ಜೋಪಾನವಾಗಿ ಜೇಬಿಗೆ ಹಾಕಿಕೊಂಡು, ಜೀನು ಹೆಗಲ ಮೇಲೆ ಹೊತ್ತು ಪುಣೆಯ ಕಡೆ ನಡೆದುಹೋದ. ಅವನಿಗೇನೂ ಆಗಲಿಲ್ಲ. ಮುಂದೆಯೂ ಚೆನ್ನಾಗಿಯೇ ಇದ್ದ ಎಂದು ಕೇಳಿದ್ದೇನೆ.

ಆ ವರ್ಷವೇ ಲಾಯ ಮುಚ್ಚಿ ನಾವು ಪುಣೆ ಊರೊಳಗೆ ಬಂದೆವು. ಮೊದಲ ರಾತ್ರಿ ಬಂದದ್ದು ಏನು ಎಂದು ಯಾರೂ ನನಗೆ ಹೇಳಲಾರರು, ಕೇಳುವುದನ್ನೂ ಬಿಟ್ಟಿದ್ದೇನೆ. ಬಂದದ್ದಕ್ಕಿಂತ ಎರಡನೆಯ ಸಲ ಬಾರದೇ ಹೋದದ್ದೇ ನನ್ನನ್ನು ತಿನ್ನುತ್ತದೆ. ಅದೂ ತಾಯಿಯೇ, ಇದೂ ತಾಯಿಯೇ. ಈಗಲೂ ನಡುರಾತ್ರಿ ಎಚ್ಚರವಾದರೆ ಉಸಿರು ಬಿಗಿಹಿಡಿದು ಗೋಡೆಯ ಆಚೆ ಕಿವಿಗೊಡುತ್ತೇನೆ. ಬರಲಿ ಎಂದು ಕೇಳುತ್ತಿದ್ದೇನೋ, ಬಾರದಿರಲಿ ಎಂದು ಕೇಳುತ್ತಿದ್ದೇನೋ, ನನಗೇ ತಿಳಿಯದು.