ಮುಕ್ಕುಂದದಲ್ಲಿ ಉಪವಾಸ ಕೂತವರು

ಶಮೀಮ್ ಬೇಗಂ ಅವರೇ, ನಿಮ್ಮ ರಂಜಾನ್ ಉಪವಾಸವನ್ನು, ಆ ಒಂದು ದಿನದ ರೋಜಾವನ್ನು ಕದ್ದವನು ನಾನು. ಇನ್ನೊಬ್ಬರ ಹಸಿವನ್ನು ಕದ್ದು ಅದರ ಮೇಲೆ ಬಡ್ತಿ ಪಡೆದ ಸರ್ಕಾರಿ ನೌಕರ, ನನಗೆ ತಿಳಿದಮಟ್ಟಿಗೆ, ನಾನೊಬ್ಬನೇ.

ಹೊಳೆ ಏರಿದಾಗ ಮುಕ್ಕುಂದದ ಎರಡು ಓಣಿಯ ಮಂದಿಯನ್ನು ಒಂದೇ ಶಾಲೆಯ ಗಂಜಿ ಕೇಂದ್ರಕ್ಕೆ ತಂದಿದ್ದೆವು. ಆ ಓಣಿಗಳಿಗೆ ಹಳೆಯ ಹಗೆ. ಅವರು ಮುಟ್ಟಿದ ಗಂಜಿ ಇವರಿಗೆ ಬೇಡ. ಸಂಜೆಗೆ ಬಡಿಗೆಗಳು ಎದ್ದವು. ಕೇಂದ್ರದ ಹೊಣೆ ನನ್ನದು, ನೀವು ನನ್ನ ಕೈಕೆಳಗಿನವರು. ನಾನು — ಹೇಳಿಯೇಬಿಡುತ್ತೇನೆ — ಹೆಡ್‌ಮಾಸ್ತರರ ಕೋಣೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಶಾಂತಿ ಕಾಪಾಡುತ್ತಿದ್ದೆ.

ಕಿಟಕಿಯಿಂದ ಕಂಡೆ: ಎರಡೂ ಗುಂಪಿನ ನಡುವೆ ನೀವು ಕೆಸರಿನಲ್ಲೇ ಕೂತುಬಿಟ್ಟಿರಿ.

"ಎರಡೂ ಓಣಿಯವ್ರು ಕೂಡಿ ಒಲಿ ಹಚ್ರಿ, ರೋಜಾ ಬಿಡ್ತೀನಿ. ಇಲ್ಲಾಂದ್ರ ನಂಗೂ ನೀರು ಬ್ಯಾಡ, ಹಿಂಗಾ ಕುಂತಿರ್ತೀನ್ರಪ್ಪಾ."

ರೋಜಾ ಬಿಡುವ ಹೊತ್ತಿನ ಆಜಾನ್ ಆಯಿತು. ನೀವು ಏಳಲಿಲ್ಲ. ಆಗ ಒಬ್ಬ ಮುದುಕಿ ಚೀರಿದಳು: "ಬಡಿಗಿ ಕೆಳಗ ಇಡ್ರಲೇ! ಹೆಣ್ಮಗಳು ಮುಂಜಾನಿಂದ ಹನಿ ನೀರು ಕುಡದಿಲ್ಲ. ಈ ಪಾಪ ಯಾರ ಮನಿಗೆ ಒಯ್ತೀರಿ?"

ಬಡಿಗೆಗಳು ಇಳಿದವು, ಎರಡೂ ಓಣಿಯವರು ಕೂಡಿ ಒಲೆ ಹಚ್ಚಿದರು. ಎರಡೂ ಕಡೆಯಿಂದ ಚೊಂಬು ಬಂದವು. ಯಾರ ನೀರು ಮೊದಲು ಎಂದು ಮತ್ತೆ ಜಗಳ ಹತ್ತುವುದರಲ್ಲಿತ್ತು. ಎರಡನ್ನೂ ಕೂಡಿಸಿ ಕುಡಿದಿರಿ. ಅಂಥ ಧೈರ್ಯವನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ — ನನ್ನಲ್ಲಂತೂ ಹುಡುಕುವ ಗೋಜಿಗೇ ಹೋಗಲಿಲ್ಲ.

ಮರುದಿನ ಸಿಂಧನೂರಿನಲ್ಲಿ ಸಾಹೇಬರು ಕೇಳಿದರು: "ಅಕೀನ್ನ ನಡುವ ಕುಂದರಿಸಿದ್ದು ಯಾರ್ರೀ?" ಸಂತ್ರಸ್ತರ ನೆರವಿನ ವಿಭಾಗದಲ್ಲಿ ಒಂದೇ ಜಾಗ ಖಾಲಿಯಿತ್ತು. ಅದಕ್ಕಾಗಿ ನೀವು ಎಷ್ಟು ಆಸೆಪಟ್ಟಿದ್ದಿರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ —

"ನಾನಾ ರೀ."

ಜಾಗ ನನಗೆ ಸಿಕ್ಕಾಗ ನೀವೇ ಪೇಢೆ ತಂದಿರಿ. "ಛಲೋ ಆತು ಬಿಡ್ರಿ ಸರ್, ನಮ್ಮ ಆಫೀಸಿಗೇ ಸಿಕ್ತು." ಎರಡು ತಿಂದೆ.

ಆಮೇಲೆ ಗಲಭೆಯಾದ ಊರೂರು ತಿರುಗಿ, ಜನರನ್ನು ಶಾಂತಗೊಳಿಸುವ ವಿದ್ಯೆಯ ಬಗ್ಗೆ ಭಾಷಣ ಬಿಗಿದೆ. ಒಂದೂರಲ್ಲಿ ನಾನೂ ಉಪವಾಸವೆಂದು ಹೇಳಿ ಗುಂಪುಗಳ ನಡುವೆ ಕೂತೆ. ಮಧ್ಯಾಹ್ನ ನಾನು ಹೊಟ್ಟೆತುಂಬ ಉಂಡದ್ದನ್ನು ಊರೆಲ್ಲ ನೋಡಿತ್ತು. ನಕ್ಕರು. ಆಮೇಲೆ ಕಲ್ಲು, ಆಮೇಲೆ ಬೆಂಕಿ. ಮನೆಗಳು ಸುಟ್ಟವು. ಅಲ್ಲಿ ನೀವಿರಬೇಕಿತ್ತು. ನೀವು ಇರದಂತೆ ಮಾಡಿದವನು...

ಈಗ ನೀವಿರುವ ಪಾಮನಕಲ್ಲೂರಿನಲ್ಲಿ ಜಗಳವಾದರೆ ಪೊಲೀಸರಿಗಿಂತ ಮೊದಲು ನಿಮಗೆ ಫೋನು ಹೋಗುತ್ತದಂತೆ. ಹೊಸ ಅಧಿಕಾರಿಗಳಿಗೆ ಪಾಠ ಹೇಳಲು ಲಿಂಗಸುಗೂರಿನಿಂದ ನನಗೆ ಕರೆ ಬಂದಿತ್ತು. ನನ್ನ ಬದಲು ನಿಮ್ಮ ಹೆಸರು ಹೇಳಿದೆ; ನಾನು ಯಾಕೆ ಬರುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಒಪ್ಪುವುದು, ಬಿಡುವುದು ನಿಮ್ಮ ಮರ್ಜಿ.

ಆ ಸುಟ್ಟ ಮನೆಗಳ ಮಂದಿಗೆ ಏನು ಹೇಳಬೇಕೆಂಬುದು ಮಾತ್ರ ನನಗಿನ್ನೂ ತಿಳಿದಿಲ್ಲ.