ಕಾರ್ಡಿಗೆ ಇಳಿಯದ ಅಕ್ಕನ ದನಿ

ಮನೆಗೆ ಬೀಗ ಹಾಕಿ ಜಗ್ಗಿ ನೋಡಿ, ಓಣಿಯ ತುದಿಗೆ ಹೋದವನು ಮರಳಿ ಬಂದು ಮತ್ತೆ ಜಗ್ಗುವ ಜಾತಿಯವನು ನಾನು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಗುಮಾನಿಯಲ್ಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ಇಂಥವನ ಕೈಗೆ ಅಕ್ಕನ ದನಿಯನ್ನು ಕಾದಿಡುವ ಕೆಲಸ ಬಂತು.

ಭಾಲ್ಕಿಯ ಅಕ್ಕನಿಗೆ ಗಂಟಲಿನಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಹೈದರಾಬಾದಿನ ಡಾಕ್ಟರು ಹೇಳಿಬಿಟ್ಟಿದ್ದರು. ಅದೇ ಹೊತ್ತಿಗೆ ನಮ್ಮ ತಮ್ಮನ ಹೆಂಡತಿ, ಎಷ್ಟೋ ವರ್ಷ ಕಾದ ಮೇಲೆ, ಚೊಚ್ಚಿಲ ಬಸುರಿಯಾಗಿ ಔರಾದಿನ ತವರಿನಲ್ಲಿದ್ದಳು. ಹುಟ್ಟುವ ಕೂಸಿಗೆ ಅಕ್ಕ ಒಬ್ಬಳೇ ಸೋದರತ್ತೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವುದು, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ. ಹೆಸರು ಆರಿಸುವವಳೂ ಅವಳೇ. ಕೂಸು ಕೇಳುವ ತನಕ ಇನ್ನೊಬ್ಬರು ಅದನ್ನು ಕೇಳುವ ಹಾಗಿಲ್ಲ.

ಆಪರೇಶನ್ನಿಗೆ ಹೆರಿಗೆಗಿಂತ ಮೊದಲಿನ ತಾರೀಖೇ ಸಿಕ್ಕಿತು. ಹಾಗಾಗಿ ದನಿಯನ್ನು ಮೊದಲೇ ತುಂಬಿಡಬೇಕೆಂದು ಅಕ್ಕ ಹಟ ಹಿಡಿದಳು.

“ಮೊಬೈಲಿನ್ಯಾಗ ತುಂಬ್ಕೊ, ಸಾಕಲ್ಲೋ ತಮ್ಮಾ,” ಎಂದಳು.

“ನಡುವ ಯಾವನರ ಲೋನ್ ಬೇಕೇನ್ರಿ ಅಂತ ಫೋನ್ ಮಾಡಿದ್ರ? ಕೂಸಿನ ಕಿವ್ಯಾಗ ಅದೂ ಹೋಗ್ತದ.”

“ನಿನ್ನ ಫಿಕೀರಿಗೂ ಒಂದು ಆಪರೇಶನ್ ಇರಬೇಕು ನೋಡು. ಕೂಡೇ ಹೋಗಿ ಮಾಡಿಸ್ಕೊಂಡು ಬರೋಣು.”

ಅವಳ ದನಿ ಆಗಲೇ ಹರಿದ ಬಟ್ಟೆಯ ಹಾಗಿತ್ತು. ಆದರೂ ಬೈಯಲು ಸಾಕಾಗುತ್ತಿತ್ತು.

ನಾನು ಅಂಗೈಯಗಲದ ರೆಕಾರ್ಡರ್ ತಂದೆ. ಹೊಸ ಮೆಮೊರಿ ಕಾರ್ಡು, ಹೊಸ ಸೆಲ್ಲು, ಮೇಲೊಂದು ಜೋಡಿ ಸೆಲ್ಲು. ಬೀದರಿನ ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿಯನ್ನು ತುಂಬಿ, ಕೇಳಿ, ಖಾತ್ರಿ ಮಾಡಿಕೊಂಡು, ಅಳಿಸಿ, ಭಾಲ್ಕಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಹಲಬರ್ಗಾ ದಾಟಿದ ಮೇಲೂ, ಅದನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಕೂತಿದ್ದೆ.

ಅಕ್ಕನ ಮನೆಯಲ್ಲಿ ಅದನ್ನು ಮಣೆಯ ಮೇಲಿಟ್ಟು, ಕುಲುಕಾಟಕ್ಕೆ ಕಾರ್ಡು ಸರಿದಿದೆಯೋ ಏನೋ ಎಂದು ಪಕ್ಕದ ರಬ್ಬರ್ ಮುಚ್ಚಳ ತೆಗೆದು ಇಣುಕಿದೆ. ಕಾರ್ಡು ನೆಟ್ಟಗೇ ಇತ್ತು. ಅಷ್ಟರಲ್ಲಿ ಅಕ್ಕ ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದಳು.

“ಹೊಸಾ ಮಷೀನು. ಪೂಜಾ ಮಾಡ್ಲಾರ್ದ ಹ್ಯಾಂಗ ಚಾಲೂ ಮಾಡೋದು?”

ಆ ಮನೆಯಲ್ಲಿ ಫ್ರಿಜ್ಜಿಗೆ, ಸ್ಕೂಟರಿಗೆ, ಬಿಪಿ ನೋಡುವ ಮಷೀನಿಗೆ ಕೂಡ ಪೂಜೆ ಆಗಿದೆ. ನಾನೇ ಮಣೆಯನ್ನು ಅವಳ ಕಡೆ ಸರಿಸಿದೆ. ಆಪರೇಶನ್ನಿನ ಮುಂದೆ ಅಪಶಕುನ ಆದೀತೆಂದು ಎಲ್ಲರಿಗಿಂತ ಹೆಚ್ಚು ಹೆದರಿದವನು ನಾನೇ. ಅವಳು ಚಿಟಿಕೆ ಚಿಟಿಕೆ ಅರಿಷಿಣ ಏರಿಸಿದಳು, ಕುಂಕುಮ ಏರಿಸಿದಳು, ಕೈ ಮುಗಿದಳು. ಮುಚ್ಚಳ ತೆರೆದೇ ಇತ್ತು. ಆಮೇಲೆ ಅದನ್ನು ಬಿಗಿಯಾಗಿ ಒತ್ತಿ ಮುಚ್ಚಿದ್ದೂ ನಾನೇ.

ಕೆಂಪು ಗುಂಡಿ ಒತ್ತು, ದೀಪ ಹತ್ತಿದ ಮೇಲೆ ಹೇಳು, ಮುಗಿದ ಮೇಲೆ ಕೆಳಗಿನ ಗುಂಡಿ ಒತ್ತು ಎಂದು ಕಲಿಸಿಕೊಟ್ಟೆ. ಅವಳು ನನ್ನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಳು. ಹೆಸರು ಕಿವಿಗೆ ಬಿದ್ದೀತೆಂದು ನಾನು ಅಂಗಳಕ್ಕೆ ಹೋಗಿ ನಳ ಬಿಟ್ಟುಕೊಂಡು, ಬಕೀಟು ತುಂಬಿ ಚೆಲ್ಲುವ ತನಕ ಅಲ್ಲೇ ನಿಂತೆ.

ಬಾಗಿಲು ತೆರೆದಾಗ ಅಕ್ಕನ ಕಣ್ಣು ಕೆಂಪಗಾಗಿದ್ದವು. “ಗಂಡಿಗೊಂದು, ಹೆಣ್ಣಿಗೊಂದು ಹೇಳೀನಿ. ಜೋಗುಳನೂ ಹಾಡೀನಿ. ದೀಪ ಹತ್ತಿತ್ತು ನೋಡ್ದೆ. ನೀ ಕೇಳ್ಬ್ಯಾಡ ಮತ್ತ! ಕೇಳಿದಿ ಅಂದ್ರ ಬೆನ್ನಾಗಿನ ತೊಗಲು ಸುಲೀತೇನಿ.”

ನಾನು ಕೇಳಲಿಲ್ಲ. ಬೀಗವನ್ನು ಹತ್ತಾರು ಸಲ ಜಗ್ಗುವವನು ಇದೊಂದನ್ನು ಮಾತ್ರ ಜಗ್ಗಿ ನೋಡಲಿಲ್ಲ.

ಆಪರೇಶನ್ ಚೆನ್ನಾಗಿಯೇ ಆಯಿತು. ಅಕ್ಕನ ಕೊರಳಲ್ಲಿ ಉಸಿರಿಗೊಂದು ತೂತು ಉಳಿಯಿತು. ಬೀದರಿಗೆ ಮರಳಿದ ಮೇಲೆ, ಕಾರ್ಡು ಕಳೆದುಹೋದರೆ ಎಂಬ ಹೊಸ ಚಿಂತೆ ಹತ್ತಿ, ಇನ್ನೊಂದು ಪ್ರತಿ ಮಾಡಿಡೋಣ, ಪ್ರತಿ ಮಾಡುವುದೆಂದರೆ ಕೇಳಿದಂತಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡು ಕಂಪ್ಯೂಟರಿಗೆ ಹಾಕಿದೆ. ಒಂದು ಫೈಲು ಕಂಡಿತು. ಅದರ ಅಳತೆಯ ಜಾಗದಲ್ಲಿ ಸೊನ್ನೆ.

ಹೊಸದೇನೂ ತುಂಬಗೊಡದ, ಕಾರ್ಡಿನ ಅಂಚಿನ ಪುಟ್ಟ ಲಾಕು ಬಿದ್ದಿದೆಯೇ ನೋಡಿದೆ, ಬಿದ್ದಿರಲಿಲ್ಲ. ರೆಕಾರ್ಡರಿಗೇ ಮರಳಿ ಹಾಕಿದರೆ ‘ಕಾರ್ಡ್ ದೋಷ’ ಎಂದಿತು. ಬೇರೆ ಕಾರ್ಡು ಹಾಕಿದೆ, ಅದಕ್ಕೂ ಅದೇ ಪಾಠ. ಹಾಗಾದರೆ ಕೆಟ್ಟದ್ದು ಕಾರ್ಡಲ್ಲ. ಟಾರ್ಚು ಹಿಡಿದು ಕಾರ್ಡಿನ ಕಿಂಡಿಯೊಳಗೆ ನೋಡಿದೆ. ಸಾಲಾಗಿ ನಿಂತ ಹಿತ್ತಾಳೆಯ ಎಳೆಗಳ ಮೇಲೆ ಅರಿಷಿಣ, ನಡುನಡುವೆ ಕುಂಕುಮ. ಅಂದು ದೀಪ ಹತ್ತಿದ್ದರೂ ದನಿ ಕಾರ್ಡಿನ ತನಕ ಹೋಗಿರಲಿಲ್ಲ. ಮೆತ್ತನೆಯ ಬ್ರಷ್ಷಿನಿಂದ ಒರೆಸಿ ಹಾಕಿದೆ. ಮಷೀನು ಚಕ್ಕನೆ ನಡೆಯಿತು. ನನ್ನ ನಿಟ್ಟುಸಿರನ್ನು ಎಷ್ಟು ಸ್ಪಷ್ಟವಾಗಿ ತುಂಬಿಕೊಂಡಿತೆಂದರೆ, ಎತ್ತಿ ಗೋಡೆಗೆ ಒಗೆಯಬೇಕೆನಿಸಿತು.

ಕಾರ್ಡನ್ನು ಕಂಪ್ಯೂಟರ್ ರಿಪೇರಿಯ ಅಂಗಡಿಗೆ ಒಯ್ದೆ. ಅಂಗಡಿಯವರು ಎರಡು ದಿನ ಇಟ್ಟುಕೊಂಡು, ಒಂದು ಕುಕ್ಕರಿನ ಸೀಟಿಯನ್ನು ಹೊರಗೆ ತೆಗೆದರು.

“ಅಳಿಸಿದ್ದು ಸಿಗ್ತದರಿ ಸರ್. ಒಳಗ ಏನೂ ಬಂದೇ ಇಲ್ಲಂದ್ರ ಏನ್ ತೆಗೀಲಿ?”

ಔರಾದಿನಲ್ಲಿ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲ ದಿನ ಅಕ್ಕ ಕೊರಳಿಗೆ ತೆಳು ಬಟ್ಟೆ ಕಟ್ಟಿಕೊಂಡು, ಜರಿಯಂಚಿನ ಸೀರೆ ಉಟ್ಟು ಬಂದಳು. ಹೋಗುವಾಗ ಬಸ್ಸಿನಲ್ಲೇ ಹೇಳಬೇಕೆಂದುಕೊಂಡಿದ್ದೆ, ಸಂತಪುರ ಬಂತು, ಔರಾದ್ ಬಂತು, ನಾನು ಚೀಲದ ಜಿಪ್ಪನ್ನೇ ಮತ್ತೆ ಮತ್ತೆ ಜಗ್ಗಿ ನೋಡುತ್ತಿದ್ದೆ. ಅವಳು ತೊಟ್ಟಿಲ ಹತ್ತಿರ ನಿಂತು ನನ್ನತ್ತ ಕೈ ಚಾಚಿದಾಗ, “ಮಷೀನ್ ಕೆಟ್ಟದ ಅಕ್ಕಾ,” ಎಂದೆ. ಅಷ್ಟೇ ಹೇಳಿದೆ.

“ಬ್ಯಾರೆ ಯಾರರ ಅನ್ರೀ, ಹೊತ್ತು ಮೀರಲತದ,” ಎಂದರು ತಮ್ಮನ ಅತ್ತೆ.

ಅಕ್ಕ ಯಾರಿಗೂ ಬಿಟ್ಟುಕೊಡಲಿಲ್ಲ. ತಾನೇ ಬಗ್ಗಿದಳು. ತುಟಿ ಆಡಿಸಿದಳು. ಅವಳ ಉಸಿರು ಈಗ ಬಾಯಿಗೆ ಬರುವುದಿಲ್ಲ. ಪಿಸುಮಾತು ಕೂಡ ಆಗುವುದಿಲ್ಲ. ಕೂಸು ಜರಿಯಂಚನ್ನು ನೋಡುತ್ತ ಮಲಗಿತ್ತು. ಗುದ್ದಲು ಎತ್ತಿದ ಕೈಗಳನ್ನು ಹೆಂಗಸರು ಮೆಲ್ಲಗೆ ಇಳಿಸಿದರು. ಅಕ್ಕ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟಳು. ತಮ್ಮನ ಹೆಂಡತಿಯ ಚಿಕ್ಕಮ್ಮ ಅದನ್ನು ಜೋರಾಗಿ ಓದಿದರು. ಚಲೋ ಹೆಸರು ಎಂದರು ಎಲ್ಲರೂ. ಪೇಡಾ ಹಂಚಿದರು.

ಮರಳುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಹತ್ತಿರ ಕೂತಳು. ಸ್ವಲ್ಪ ದೂರ ಬಂದ ಮೇಲೆ ನನ್ನ ಚೀಲವನ್ನು ತಟ್ಟಿ, ಮಷೀನು ರಿಪೇರಿ ಆಗುತ್ತದೆಯೇ ಎಂದು ಕೈ ತಿರುವಿ ಕೇಳಿದಳು. ಮತ್ತೆ ಕಿವಿಗೆ ಬೆರಳಿಟ್ಟು, ತನ್ನನ್ನೇ ತೋರಿಸಿಕೊಂಡಳು. ಹೆಸರಿಟ್ಟದ್ದಾಯಿತು, ಇನ್ನು ಮುಚ್ಚಿಡುವುದೇನಿದೆ. ತನಗೂ ಒಮ್ಮೆ ತನ್ನ ದನಿ ಕೇಳಬೇಕಾಗಿತ್ತು.

“ಮಷೀನ್ ರಿಪೇರಿ ಆಗ್ಯದ ಅಕ್ಕಾ,” ಎಂದೆ. “ನೀ ಹೇಳಿದ್ದು ಅದರಾಗ ಇಲ್ಲ. ಮೊದಲಿಂದನೇ ಇಲ್ಲ.”

ಯಾಕೆ ಎಂದು ಕೇಳಿದ್ದರೆ ಅರಿಷಿಣದ ಮಾತು ಹೇಳಬೇಕಾಗುತ್ತಿತ್ತು. ಅವಳು ಕೇಳಲಿಲ್ಲ. ನನ್ನ ಬಾಯನ್ನೇ ನೋಡಿ, ಕಿಟಕಿಯ ಕಡೆ ತಿರುಗಿದಳು. ಸದ್ದಿರಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು. ಹಿಂದಿನ ಸೀಟಿನವರಿಗೆ ಅದು ರಸ್ತೆಯ ಕುಲುಕಾಟವೆಂದೇ ಕಂಡಿರಬೇಕು.